ಏಣಿಲಿನ ಕೊಯ್ಲಾದ ಮೇಲೆ ಗದ್ದೆಗೊಂದು ಹಸುರು ಹೊದಿಕೆ

ದೀಪಾವಳಿಯು ಕಳೆದು ಹದಿನೈದು ದಿನಗಳಾದ ಮೇಲೆ ಬಂಟ್ವಾಳದಿಂದ ಮೂಡುಬಿದಿರೆಗೂ ಅಲ್ಲಿಂದ ವೇಣೂರಿನ ಮಾರ್ಗವಾಗಿ ಬೆಳ್ತಂಗಡಿಗೂ ಪ್ರಯಾಣ ಮಾಡಿದವರು ದಾರಿಯ ಎರಡು ಮಗ್ಗುಲುಗಳಲ್ಲಿಯೂ ಒಂದೇ ಬಗೆಯ ನೋಟವನ್ನು ಕಂಡಿರಬಹುದು. ಏಣಿಲಿನ ಪೈರು ಕೊಯ್ಲಾಗಿ, ಗದ್ದೆಗಳಲ್ಲಿ ಕೂಳೆ ಮಾತ್ರವೇ ಉಳಿದು, ಆ ಕೂಳೆಯ ನಡುವೆ ಮಣ್ಣು ಬಿರುಕು ಬಿಡುತ್ತ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುವುದು. ಆ ದಿನ ಮೊದಲುಗೊಂಡು ಪತ್ತನಾಜೆಯ ವರೆಗೆ, ಅಂದರೆ ಆರು ತಿಂಗಳಿಗೂ ಮಿಕ್ಕಿದ ಕಾಲ, ಅನೇಕ ಗದ್ದೆಗಳ ಮೇಲೆ ಬಿತ್ತಿದ ಹಸುರೆಂಬುದು ಒಂದು ಕಡ್ಡಿಯೂ ಕಾಣಿಸದು. ನಮ್ಮ ಬಾಲ್ಯದಲ್ಲಿ ಇದೇ ಗದ್ದೆಗಳು ಇದೇ ಋತುವಿನಲ್ಲಿ ಉದ್ದು, ಹೆಸರು, ಅಲಸಂಡೆ, ಹುರುಳಿ ಇವುಗಳಿಂದ ಹಸುರಾಗಿದ್ದುದನ್ನು ನಾವು ಕಂಡಿರುವೆವು. ಈ ಬದಲಾವಣೆಯಿಂದ ಗೃಹಸ್ಥರಾದ ನಮಗೆ ಆಗಿರುವ ನಷ್ಟವೇನು, ಅದಕ್ಕೆ ಪರಿಹಾರವುಂಟೇ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಾವು ಈ ವಿಷಯದಲ್ಲಿ ಪಂಡಿತರಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಮೂಡುಬಿದಿರೆಗೆ ಸಮೀಪದಲ್ಲಿ ಪಿತ್ರಾರ್ಜಿತವಾದ ಒಂದೂವರೆ ಎಕ್ರೆ ಮಜಲು ಗದ್ದೆಯು ನಮಗುಂಟು. ನೌಕರಿಯಲ್ಲಿರುವಾಗ ಮಳೆಗಾಲದ ಒಂದು ಬೆಳೆಯನ್ನು ಹೇಗೋ ಮಾಡಿಸಿ, ಉಳಿದ ಕಾಲವೆಲ್ಲ ಗದ್ದೆಯನ್ನು ಮರೆತೇ ಬಿಟ್ಟಿದ್ದೆವು. ನಿವೃತ್ತರಾಗಿ ಮನೆಗೆ ಬಂದಾಗ ಗದ್ದೆಯ ಮಣ್ಣು ಕಲ್ಲಿನಂತಾಗಿತ್ತು. ಫಸಲು ವರ್ಷೇ ವರ್ಷೇ ಇಳಿಯುತ್ತಿತ್ತು. ರಸಗೊಬ್ಬರದ ಲೆಕ್ಕ ಮಾತ್ರ ಏರುತ್ತಿತ್ತು. ನಮ್ಮ ಮಗನು, “ಇದರಲ್ಲಿ ಇನ್ನೇನಿದೆ? ಮಣ್ಣು ತುಂಬಿಸಿ ಅಡಿಕೆ ಹಾಕೋಣ” ಎಂದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನೆರೆಯ ನಾಲ್ಕು ಗದ್ದೆಗಳು ಆಗಲೇ ತೋಟಗಳಾಗಿದ್ದುವು. ಆದರೂ ಒಮ್ಮೆ ತೋಟವಾದ ಗದ್ದೆಯು ಮತ್ತೆ ಗದ್ದೆಯಾಗುವುದು ಅಪರೂಪ. ಆದುದರಿಂದ ನಾವು ಅವನಲ್ಲಿ ಮೂರು ವರ್ಷಗಳ ಅವಧಿಯನ್ನು ಬೇಡಿದೆವು. ಈ ಲೇಖನವು ಆ ಮೂರು ವರ್ಷಗಳ ವೃತ್ತಾಂತವೂ ಹೌದು.

ನಮ್ಮ ಜಿಲ್ಲೆಯ ಗದ್ದೆಗಳು ಮೂರು ತೆರನಾದುವೆಂಬುದು ವಾಚಕರಿಗೆ ವಿದಿತವೇ ಆಗಿದೆ. ತಗ್ಗಿನಲ್ಲಿದ್ದು ನೀರು ಬತ್ತದಿರುವುದು ಬೈಲು. ನಡುಮಟ್ಟದಲ್ಲಿದ್ದು ಎರಡನೆಯ ಬೆಳೆಗೆ ತಕ್ಕಷ್ಟು ತೇವವುಳ್ಳದ್ದು ಮಜಲು. ಮೇಲಿದ್ದು ಮಳೆಯನ್ನೇ ನಂಬಿರುವುದು ಬೆಟ್ಟು. ಹಾಗೆಯೇ ಏಣಿಲು, ಸುಗ್ಗಿ, ಕೊಳಕೆ ಎಂದು ಬೆಳೆಗಳೂ ಮೂರು. 1801ನೆಯ ಇಸವಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿ ಸರಕಾರದ ಅಪ್ಪಣೆಯಂತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕ ಸಂಚರಿಸಿ, 1807ರಲ್ಲಿ ಲಂಡನಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಬೈಲು, ಮಜಲು, ಬೆಟ್ಟುಗಳ ವಿಭಾಗವನ್ನು ಬರೆದಿಟ್ಟಿರುವನು. ಇನ್ನೂರು ವರ್ಷಗಳ ಹಿಂದಿನ ಆ ಹೆಸರುಗಳು ಇಂದಿಗೂ ನಮ್ಮ ಬಾಯಲ್ಲಿರುವುವು. ಆದರೆ ಮಜಲಿನ ಎರಡನೆಯ ಬೆಳೆಯು ಮಾತ್ರ ಹಲವೆಡೆ ಮರೆಯಾಗಿದೆ.

ಕೊಯ್ಲಿಗೂ ಮುಂದಿನ ಬಿತ್ತನೆಗೂ ನಡುವೆ ನೆಲವನ್ನು ಬರಿದಾಗಿ ಬಿಡದೆ, ಅದನ್ನು ಮುಚ್ಚುವುದಕ್ಕಾಗಿಯೇ ಒಂದು ಬೆಳೆಯನ್ನು ಬಿತ್ತುವ ಪದ್ಧತಿಯು ಯುರೋಪು, ಅಮೇರಿಕಾ ಖಂಡಗಳಲ್ಲಿ ಈಗ ಬಹಳವಾಗಿ ಪ್ರಚಾರದಲ್ಲಿದೆ. ಅಲ್ಲಿ ಜೋಳವನ್ನೋ ಗೋದಿಯನ್ನೋ ಕೊಯ್ದ ಮೇಲೆ ರೈ ಎಂಬ ಧಾನ್ಯವನ್ನಾಗಲಿ ದ್ವಿದಳ ಜಾತಿಯ ಬಳ್ಳಿಗಳನ್ನಾಗಲಿ ಬಿತ್ತಿ, ಚಳಿಗಾಲದ ಮಳೆ ಹಿಮಗಳಿಂದ ಮಣ್ಣು ಕೊಚ್ಚಿ ಹೋಗದಂತೆ ಕಾಯುವರು. ಇದನ್ನು ಓದಿ ನಮ್ಮಲ್ಲಿ ಕೆಲವರು ಹೊಸದೊಂದು ವಿದ್ಯೆಯು ಪರದೇಶದಿಂದ ಬಂದಿತೆಂದು ತಿಳಿಯುವುದುಂಟು. ಆದರೆ ಇದರ ತತ್ತ್ವವು ನಮಗೆ ಹೊಸತಲ್ಲ. ಸುಮಾರು ಆರನೆಯ ಶತಮಾನದವನಾದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಮೆದುವಾದ ಭೂಮಿಯು ಎಲ್ಲ ವೃಕ್ಷಗಳಿಗೂ ಹಿತವೆಂದೂ, ಅಲ್ಲಿ ಮೊದಲು ಎಳ್ಳನ್ನು ಬಿತ್ತಿ ಅದು ಹೂಬಿಟ್ಟಾಗ ಅಲ್ಲಿಯೇ ಮರ್ದಿಸಬೇಕೆಂದೂ, ಇದೇ ನೆಲಕ್ಕೆ ಮಾಡತಕ್ಕ ಪ್ರಥಮ ಸಂಸ್ಕಾರವೆಂದೂ ವಿಧಿಸಿರುವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಲಿ, ವ್ರೀಹಿ ಮುಂತಾದುವನ್ನು ಮೊದಲಲ್ಲಿಯೂ, ಮುದ್ಗ ಮಾಷಗಳನ್ನು ನಡುವಿನಲ್ಲಿಯೂ, ಕುಲತ್ಥವೇ ಮೊದಲಾದುವನ್ನು ಕೊನೆಯಲ್ಲಿಯೂ ಬಿತ್ತತಕ್ಕದ್ದೆಂದು ಕ್ರಮವನ್ನು ಹೇಳಿದೆ. ಮುದ್ಗವೆಂದರೆ ಹೆಸರು, ಮಾಷವೆಂದರೆ ಉದ್ದು, ಕುಲತ್ಥವೆಂದರೆ ಹುರುಳಿ. ನಾವು ಈ ಶ್ಲೋಕ ವಾಕ್ಯಗಳನ್ನು ತರಗತಿಯಲ್ಲಿ ಅನ್ವಯ ಸಹಿತವಾಗಿ ಬೋಧಿಸಿದವರೇ. ನಮ್ಮ ಗದ್ದೆಯಲ್ಲಿ ಮಾತ್ರ ಅವನ್ನು ಅನ್ವಯಿಸಿರಲಿಲ್ಲ.

ಪರದೇಶದ ರೀತಿಗೂ ನಮ್ಮದಕ್ಕೂ ಒಂದು ಭೇದವುಂಟು. ಅದನ್ನು ತಿಳಿಯದೆ ಅನುಕರಿಸಿದರೆ ಪ್ರಯೋಜನವಾಗದು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯಾಗುವುದಾದರೂ ಅದರ ಬಹುಪಾಲು ಜೂನ್ ಮೊದಲುಗೊಂಡು ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುವುದು. ಆಗ ಗದ್ದೆಯಲ್ಲಿ ಭತ್ತವೇ ನಿಂತು ಮಣ್ಣನ್ನು ಹಿಡಿದಿರುತ್ತದೆ. ನಮ್ಮ ಚಳಿಗಾಲದಲ್ಲಿ ಹಿಮವೂ ಇಲ್ಲ, ದೊಡ್ಡ ಮಳೆಯೂ ಇಲ್ಲ. ಹಾಗಾದರೆ ಹೊದಿಕೆಯು ಯಾರಿಂದ ರಕ್ಷಿಸಬೇಕು? ಮೊದಲನೆಯದಾಗಿ, ಬಿಸಿಲಿನಿಂದ. ಮುರಕಲ್ಲಿನಿಂದಾದ ನಮ್ಮ ಮಣ್ಣು ಸ್ವಭಾವದಿಂದಲೇ ಹುಳಿ. ಅದರಲ್ಲಿರುವ ಜೀವಸತ್ತ್ವವು ಸುಡುವ ಬಿಸಿಲಿಗೆ ಬೇಗನೆ ಸವೆದು, ಮಣ್ಣು ಬಿಗಿಯುವುದು. ಎರಡನೆಯದಾಗಿ, ಬೇಸಗೆಯ ಮೊದಲ ಮಳೆಗಳಿಂದ. ಬರಿದಾದ ಗದ್ದೆಯು ಒಣಗಿದ್ದಾಗ ಮಣ್ಣಿನೊಳಗಿನ ಸಾರಜನಕವು ನೈಟ್ರೇಟು ಎಂಬ ರೂಪವನ್ನು ತಾಳಿ ಸಂಗ್ರಹವಾಗುತ್ತಿರುತ್ತದೆ. ಪತ್ತನಾಜೆಯ ಹೊತ್ತಿಗೆ ಮಳೆ ಬಿದ್ದು ಗದ್ದೆಯಲ್ಲಿ ನೀರು ನಿಂತೊಡನೆ ಅದು ನೀರಿನೊಡನೆ ಇಳಿದು ಹೋಗುವುದು, ಇಲ್ಲವೆ ವಾಯುರೂಪವಾಗಿ ಆಕಾಶಕ್ಕೆ ಸೇರುವುದು. ಬಿತ್ತುವ ಮುನ್ನವೇ ಬುತ್ತಿಯು ಹೀಗೆ ಕಳೆದುಹೋದರೆ ಭತ್ತಕ್ಕೆ ಉಳಿಯುವುದೇನು? ಬೇರುಗಳುಳ್ಳ ಒಂದು ಬೆಳೆಯು ಅಲ್ಲಿ ನಿಂತಿದ್ದರೆ ಆ ಸಾರವನ್ನು ತನ್ನ ದೇಹದಲ್ಲಿ ಹಿಡಿದಿಟ್ಟುಕೊಂಡು, ಉತ್ತಾಗ ಮಣ್ಣಿಗೇ ಹಿಂದಿರುಗಿಸುವುದು.

ಇದಲ್ಲದೆ ದ್ವಿದಳ ಧಾನ್ಯಗಳಿಗೆ ಇನ್ನೊಂದು ವಿಶೇಷ ಗುಣವುಂಟು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಭತ್ತದ ಗಿಡವು ಅದನ್ನು ನೇರವಾಗಿ ಉಣ್ಣಲಾರದು. ಉದ್ದು ಹೆಸರುಗಳ ಬೇರುಗಳಲ್ಲಿರುವ ಸಣ್ಣ ಗಂಟುಗಳೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಗಿಡಕ್ಕೆ ಉಣಿಸುವುವು. ಜರ್ಮನಿ ದೇಶದ ಹೆಲ್‌ರೀಗೆಲ್ ಎಂಬ ವಿದ್ವಾಂಸನು 1886ರಲ್ಲಿ ಈ ರಹಸ್ಯವನ್ನು ಪ್ರಕಟಿಸಿದನು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಎಂಬವನು ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಚೆನ್ನಾಗಿ ಬೆಳೆದ ಸೆಣಬು ಅಥವಾ ಡಯಂಚವನ್ನು ಹೂಬಿಡುವ ಸಮಯದಲ್ಲಿ ಉತ್ತು ಮಣ್ಣಿಗೆ ಸೇರಿಸಿದರೆ ಹೆಕ್ಟೇರೊಂದಕ್ಕೆ 60ರಿಂದ 80 ಕಿಲೋಗ್ರಾಮು ಸಾರಜನಕವು ದೊರಕುವುದೆಂದು ಲೆಕ್ಕ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರುವುದರಿಂದ, ಕಡಿಮೆಯೆಂದರೂ 45 ಕಿಲೋಗ್ರಾಮಿನ ಮೂರು ಮೂಟೆಗಳಿಗೆ ಇದು ಸರಿಯಾಯಿತು. ಹಿಂದೆ ನಮ್ಮ ಹಿರಿಯರಿಗೆ ಈ ಸಾರವು ಕುಮ್ಕಿಯಿಂದ ಬರುತ್ತಿತ್ತು. ವರ್ಗಭೂಮಿಯ ಸುತ್ತ 100 ಗಜದೊಳಗಿನ ಕಾಡಿನ ಸೊಪ್ಪನ್ನು ಕಡಿದು ಹಟ್ಟಿಗೆ ಹಾಸಿ, ಅದನ್ನೇ ಗೊಬ್ಬರವಾಗಿಸಿ ಗದ್ದೆಗೆ ಹೊರುತ್ತಿದ್ದರು. ಈಗ ಸೊಪ್ಪು ಕಡಿಯುವ ಆಳುಗಳಿಲ್ಲ, ಹಟ್ಟಿಯಲ್ಲಿ ದನಗಳೂ ಕಡಿಮೆ. ಹೊತ್ತು ತರಲಾಗದ ಸೊಪ್ಪನ್ನು ಗದ್ದೆಯಲ್ಲಿಯೇ ಬೆಳೆಸುವುದಲ್ಲದೆ ಬೇರೆ ಮಾರ್ಗವಾದರೂ ಯಾವುದು?

ಇಷ್ಟೆಲ್ಲ ಓದಿಕೊಂಡು ಮೊದಲನೆಯ ವರ್ಷ ನಾವು ಉದ್ದನ್ನು ಬಿತ್ತಿಸಿದೆವು. ಆದರೆ ಉಳುವ ಯಂತ್ರವು ಸಿಕ್ಕುವುದು ತಡವಾಗಿ, ಕೊಯ್ಲಾಗಿ ಇಪ್ಪತ್ತು ದಿನಗಳ ಮೇಲೆ ಬಿತ್ತನೆಯಾಯಿತು. ಬೀಜದಲ್ಲಿ ಮೂರರಲ್ಲೊಂದು ಪಾಲೂ ಮೊಳೆಯಲಿಲ್ಲ. ಮೊಳೆತುದನ್ನು ಊರ ದನಗಳು ಒಂದೇ ರಾತ್ರಿಯಲ್ಲಿ ಮುಗಿಸಿದುವು. ಮಗನು ಏನೂ ಹೇಳಲಿಲ್ಲ. ಅವನು ಏನಾದರೂ ಹೇಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಆ ಬೇಸಗೆಯಲ್ಲಿ, ಹಿಂದೆ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ವೃದ್ಧೆಯು ಮನೆಗೆ ಬಂದಿದ್ದಳು. ನಮ್ಮ ಸೋಲಿನ ಕಥೆಯನ್ನು ಕೇಳಿ ನಕ್ಕು, “ಕೊಯ್ದ ಗದ್ದೆಯಲ್ಲಿ ನಡೆದು ನೋಡಬೇಕು ಮಾಷ್ಟ್ರೇ. ಮಣ್ಣು ಅಂಗಾಲಿಗೆ ಅಂಟುವಾಗ ಬೀಜ ಬೀಳಬೇಕು. ಅಂಟದ ದಿನ ಬಿತ್ತಿದರೆ ಹಕ್ಕಿಗೆ ಬಿತ್ತಿದ ಹಾಗೆ” ಎಂದಳು. ಪಂಚಾಂಗವನ್ನೂ ಪುಸ್ತಕವನ್ನೂ ನೋಡಿದ್ದ ನಾವು ನಮ್ಮ ಅಂಗಾಲನ್ನು ನೋಡಿಕೊಂಡಿರಲಿಲ್ಲ. ಈ ಒಂದು ಮಾತು ಸರಿಯಾಗಿ ತಿಳಿದರೆ ಮಿಕ್ಕ ಉಪದೇಶವೆಲ್ಲ ಅದರ ವ್ಯಾಖ್ಯಾನವೆನ್ನಬಹುದು. ಚಳಿಗಾಲದ ಹೊದಿಕೆಯ ಬೆಳೆಯು ನಮ್ಮಲ್ಲಿ ಮಳೆಯಿಂದ ಬದುಕುವುದಲ್ಲ. ಭತ್ತವು ಬಿಟ್ಟುಹೋದ ತೇವದಿಂದ ಬದುಕುವುದು. ಆ ತೇವವು ದಿನದಿನಕ್ಕೆ ಇಳಿಯುತ್ತಿರುವುದರಿಂದ, ಬೇರು ಅದರ ಬೆನ್ನು ಹತ್ತಿ ಕೆಳಗಿಳಿಯುವಷ್ಟು ಸಮಯವು ಬೀಜಕ್ಕೆ ಸಿಕ್ಕಬೇಕು.

ಎರಡನೆಯ ವರ್ಷ ಕೊಯ್ಲಾದ ಮೂರನೆಯ ದಿನವೇ ಅರ್ಧ ಎಕ್ರೆಯಲ್ಲಿ ಮಾತ್ರ ಬಿತ್ತಿಸಿ, ಉಳಿದುದನ್ನು ಹೋಲಿಕೆಗಾಗಿ ಬರಿದೇ ಬಿಟ್ಟೆವು. ಬೀಜವನ್ನು ಬೆಲ್ಲದ ತಿಳಿಯಾದ ಪಾಕದಲ್ಲಿ ನನೆಸಿ, ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳ ಪುಡಿಯನ್ನು ಲೇಪಿಸಿ, ನೆರಳಿನಲ್ಲಿ ಆರಿಸಿದೆವು. ಬಿತ್ತುವ ಮುನ್ನ ಚಿಪ್ಪಿನ ಸುಣ್ಣವನ್ನು ಗದ್ದೆಗೆ ಎರಚಿದೆವು. ಯಾಕೆಂದರೆ ಹುಳಿಮಣ್ಣಿನಲ್ಲಿ ಆ ಜೀವಿಗಳು ಚೆನ್ನಾಗಿ ನೆಲೆಸವು. ಗದ್ದೆಗೆ ಬೇಲಿಯನ್ನೂ ಕಟ್ಟಿಸಿದೆವು. ನಾಲ್ಕು ವಾರಗಳಾದ ಮೇಲೆ ಒಂದು ಗಿಡವನ್ನು ಮೆಲ್ಲನೆ ಅಗೆದು ತೆಗೆದು ಬೇರನ್ನು ತೊಳೆದೆವು. ಸಾಸಿವೆಯಷ್ಟು, ಮೆಣಸಿನಷ್ಟು ಗಾತ್ರದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವು ಕಂಡಿತು. ಹಾಗೆ ಕೆಂಪಾಗಿದ್ದರೆ ಕೆಲಸವು ನಡೆಯುತ್ತಿದೆಯೆಂದೂ, ಬಿಳಿಯಾಗಿಯೋ ಹಸುರಾಗಿಯೋ ಇದ್ದರೆ ನಡೆಯುತ್ತಿಲ್ಲವೆಂದೂ ತಿಳಿಯಬೇಕು. ವಾಚಕರು ತಮ್ಮ ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಬೇಕೆಂದು ನಮ್ಮ ಸೂಚನೆ. ನಾವು ಇದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದುದನ್ನು ಕಂಡಿದ್ದೆವು. ಬೇರಿನ ಮೇಲೆ ಕಂಡುದು ಅಂದೇ ಮೊದಲು.

ಆ ಮಕರಮಾಸದಲ್ಲಿ ಅರ್ಧ ಎಕ್ರೆಯಿಂದ ಮೂರು ಕಳಸೆ ಉದ್ದು ಮನೆಗೆ ಬಂದಿತು. ಮನೆಯವರು ಅದನ್ನು ಕೇರಿ ಒಣಗಿಸಿ, ಬೀಜಕ್ಕೆ ಬೇಕಾದಷ್ಟನ್ನು ಬೈಹುಲ್ಲಿನ ಸಣ್ಣ ಮುಡಿಯಲ್ಲಿ ಕಟ್ಟಿಟ್ಟರು. ಆ ಉದ್ದಿನ ದೋಸೆಯ ರುಚಿಯನ್ನು ನಾವಿಲ್ಲಿ ವರ್ಣಿಸುವುದಿಲ್ಲ. ಕಾಯಿ ಬಿಡಿಸಿದ ಗಿಡಗಳನ್ನು ಕಿತ್ತೊಯ್ಯದೆ ಗದ್ದೆಯಲ್ಲಿಯೇ ಉತ್ತೆವು. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳತಕ್ಕದ್ದು: ಧಾನ್ಯವನ್ನು ಕೊಯ್ದುಕೊಂಡರೆ ಸಾರಜನಕದ ಬಹುಭಾಗವು ಧಾನ್ಯದೊಡನೆ ಮನೆಗೆ ಹೋಗುವುದು, ಗದ್ದೆಗೆ ಉಳಿಯುವುದು ಬೇರು, ಎಲೆ, ಕಾಂಡಗಳಲ್ಲಿರುವಷ್ಟೇ. ಪೂರ್ಣ ಫಲವು ನೆಲಕ್ಕೇ ದಕ್ಕಬೇಕೆಂಬವರು ಸೆಣಬನ್ನಾಗಲಿ ಡಯಂಚವನ್ನಾಗಲಿ ಬೆಳೆದು ಹೂವಿನ ಕಾಲಕ್ಕೆ ಉಳಬೇಕು. ನಾವು ಅಡಿಗೆಮನೆಗೂ ಗದ್ದೆಗೂ ಪಾಲು ಮಾಡಿದೆವು.

ಮುಂದಿನ ಏಣಿಲಿನಲ್ಲಿ ಉದ್ದು ಬೆಳೆದ ಭಾಗಕ್ಕೆ ಯೂರಿಯಾವನ್ನು ಅರ್ಧಕ್ಕೆ ಇಳಿಸಿದೆವು. ಬರಿದಾಗಿದ್ದ ಭಾಗಕ್ಕೆ ಎಂದಿನಂತೆಯೇ ಕೊಟ್ಟೆವು. ಎರಡರ ಫಸಲಿನಲ್ಲಿಯೂ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಕೆಲವರಿಗೆ ಇದು ಸೋಲೆಂದು ತೋರಬಹುದು. ಆದರೆ ಅರ್ಧ ಗೊಬ್ಬರದಲ್ಲಿ ಸಮನಾದ ಭತ್ತವೂ, ಅದರ ಮೇಲೆ ಮೂರು ಕಳಸೆ ಉದ್ದೂ ಬಂದುದನ್ನು ಮಗನು ತಾನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದನು. ಉಳುವಾಗ ಆ ಭಾಗದ ಮಣ್ಣು ಸಡಿಲವಾಗಿತ್ತೆಂದು ಯಂತ್ರ ನಡೆಸುವವನು ಕೇಳದೆಯೇ ಹೇಳಿದನು. ಮೂರನೆಯ ವರ್ಷ ಇಡೀ ಒಂದೂವರೆ ಎಕ್ರೆಯಲ್ಲಿಯೂ ಬಿತ್ತಿದೆವು.

ಇದನ್ನು ಮಾಡಲಿಚ್ಛಿಸುವ ಗೃಹಸ್ಥರಿಗೆ ಕೆಲವು ಸೂಚನೆಗಳನ್ನು ಕೊಡುವೆವು. ಮಜಲಿಗೆ ಉದ್ದು, ಹೆಸರು, ಅಲಸಂಡೆಗಳು ಹಿತ. ಉದ್ದು 75ರಿಂದ 90 ದಿನಗಳೊಳಗೆ ಬಲಿಯುವುದು. ಬೇಗನೆ ಒಣಗುವ ಬೆಟ್ಟು ಗದ್ದೆಗೆ ಹುರುಳಿಯೇ ಉತ್ತಮ. ಅಲ್ಪ ತೇವದಲ್ಲಿ ಅದರಷ್ಟು ಸಹಿಷ್ಣುವಾದುದು ವಿರಳ. ನೀರು ನಿಲ್ಲುವ ಬೈಲಿನಲ್ಲಿ ಬೇಳೆಕಾಳುಗಳು ಕೊಳೆಯುವುವು. ಅಲ್ಲಿ ಬೇಸಗೆಯ ಮೊದಲ ಮಳೆಗಳಿಗೆ ಡಯಂಚವನ್ನು ಎರಚಿ, 45ರಿಂದ 50 ದಿನಗಳಾದಾಗ ಉತ್ತು, ಒಂದು ವಾರ ಕಳೆದು ನೇಜಿಯನ್ನು ನೆಡಬಹುದು. ಡಯಂಚವು ನೀರನ್ನು ತಾಳುವುದು, ಸೆಣಬು ತಾಳಲಾರದು. ಆಳುಗಳ ಅಭಾವವುಳ್ಳವರು ತಂಜಾವೂರಿನ ಕಡೆಯ ರೈತರಂತೆ, ಕೊಯ್ಲಿಗೆ ಒಂದು ವಾರ ಮುಂಚಿತವಾಗಿ ನಿಂತ ಭತ್ತದ ನಡುವೆಯೇ ಬೀಜವನ್ನು ಎರಚುವುದುಂಟು. ಆದರೆ ಭಾರವಾದ ಕೊಯ್ಲಿನ ಯಂತ್ರವನ್ನು ಇಳಿಸುವ ಗದ್ದೆಗೆ ಇದು ಸಲ್ಲದು, ಎಳೆ ಮೊಳಕೆಗಳು ಗಾಲಿಯ ಕೆಳಗೆ ನಾಶವಾಗುವುವು. ಇಬ್ಬನಿಯ ಕಾಲದಲ್ಲಿ ಎಲೆಗಳ ಮೇಲೆ ಬೂದಿಯಂಥ ರೋಗವೂ, ಬಿಳಿನೊಣದಿಂದ ಹರಡುವ ಹಳದಿ ರೋಗವೂ ಬರುವುದುಂಟು. ಹಳದಿಯಾದ ಗಿಡಗಳನ್ನು ಕಂಡೊಡನೆ ಕಿತ್ತು ಹೂಳಬೇಕು.

ಎಲ್ಲಕ್ಕಿಂತ ಕಠಿಣವಾದ ತೊಡಕು ರೋಗವಲ್ಲ, ಒಂಟಿತನ. ಊರಿನ ಗದ್ದೆಗಳೆಲ್ಲ ಬರಿದಾಗಿರುವಾಗ ಒಬ್ಬನ ಗದ್ದೆಯು ಮಾತ್ರ ಹಸುರಾಗಿದ್ದರೆ ಊರ ದನ, ನವಿಲು, ಹಂದಿಗಳೆಲ್ಲ ಅಲ್ಲಿಗೇ ಬರುವುವು. ಹಿಂದೆ ಎಲ್ಲರೂ ಬಿತ್ತುತ್ತಿದ್ದ ಕಾಲದಲ್ಲಿ ಎರಡನೆಯ ಬೆಳೆಯು ಮನೆಗೆ ಬರುವ ತನಕ ದನಗಳನ್ನು ಕಟ್ಟಿ ಹಾಕುವುದು ಊರಿನ ಮರ್ಯಾದೆಯಾಗಿತ್ತು. ಎಲ್ಲರೂ ಬಿತ್ತುವುದನ್ನು ಬಿಟ್ಟ ಮೇಲೆ ಆ ಮರ್ಯಾದೆಯೂ ಬಿಟ್ಟುಹೋಯಿತು. ಮರ್ಯಾದೆಯು ಹೋದ ಕಾರಣ ಬಿತ್ತಬೇಕೆಂಬವನಿಗೂ ಧೈರ್ಯವಿಲ್ಲವಾಯಿತು. ಆದಕಾರಣ ಒಂದು ಬೈಲಿನ ಐದಾರು ಮನೆಯವರಾದರೂ ಕೂಡಿ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತುವುದು ಶ್ರೇಯಸ್ಕರ. ಬೇಲಿಯ ಖರ್ಚೂ ಕಾವಲಿನ ಶ್ರಮವೂ ಹಂಚಿಹೋಗುವುವು. ಕಳೆದ ವರ್ಷ ನಮ್ಮ ನೆರೆಯ ಇಬ್ಬರು ನಮ್ಮೊಡನೆ ಬಿತ್ತಿದರು. ಹಾನಿಯು ಕಡಿಮೆಯಾದುದನ್ನು ಮೂವರೂ ಕಂಡೆವು.

“ಭೂಮಿಗೆ ವಿಶ್ರಾಂತಿ ಬೇಡವೇ? ವರ್ಷವಿಡೀ ಬೆಳೆದರೆ ತಾಯಿಯನ್ನು ದಣಿಸಿದಂತಾಗದೇ?” ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆಯು ಯೋಗ್ಯವಾದುದು. ನಮ್ಮ ತುಳುನಾಡಿನಲ್ಲಿ ಮಕರಮಾಸದ ಕೊನೆಗೆ ಕೆಡ್ಡಸವನ್ನು ಆಚರಿಸುವುದುಂಟಷ್ಟೆ. ಭೂಮಿದೇವಿಯು ಋತುಮತಿಯಾದಳೆಂದು ಭಾವಿಸಿ ಮೂರು ದಿನ ಉಳದೆ, ಅಗೆಯದೆ, ನೆಲಕ್ಕೆ ಎಣ್ಣೆಯೆರೆದು ಗೌರವಿಸುವೆವು. ಆದರೆ ಆ ವಿಶ್ರಾಂತಿಯು ಮೂರು ದಿನಗಳದ್ದು. ಮತ್ತು ಅದು ಉಪಚಾರ ಸಹಿತವಾದುದು. ಆರು ತಿಂಗಳ ಕಾಲ ತಾಯಿಯನ್ನು ಹೊದಿಕೆಯಿಲ್ಲದೆ ಬಿಸಿಲಿನಲ್ಲಿ ಮಲಗಿಸಿ ಅದಕ್ಕೆ ವಿಶ್ರಾಂತಿಯೆಂದು ಹೆಸರಿಡುವುದು ಉಚಿತವೇ? ಭತ್ತವು ಮಣ್ಣಿನಿಂದ ಪಡೆಯುವುದೇ ಹೆಚ್ಚು; ದ್ವಿದಳವು ಕೊಡುವುದೂ ಉಂಟು. ಬೆಳೆಯು ಬದಲಾಗುವುದೇ ನೆಲಕ್ಕೆ ವಿಶ್ರಾಂತಿ.

ದೀಪಾವಳಿಯ ರಾತ್ರಿ ಗದ್ದೆಗೆ ದೀಪವನ್ನಿಟ್ಟು ಬಲೀಂದ್ರನನ್ನು ಕರೆಯುವಾಗ ನಮ್ಮ ಹಿರಿಯರು ಹೇಳುವ ಮಾತುಗಳಲ್ಲಿ ಉದ್ದಿನ ಹೆಸರೂ ಬರುವುದು. ಹೆಸರು ಮಾತ್ರ ಬಾಯಲ್ಲಿ ಉಳಿದು ಕಾಳು ಗದ್ದೆಯಿಂದ ಮಾಯವಾಗಬಾರದೆಂಬುದು ನಮ್ಮ ಆಶಯ. ನಾವು ಬೇಡಿದ ಮೂರು ವರ್ಷಗಳ ಅವಧಿಯು ಈ ಪತ್ತನಾಜೆಗೆ ಮುಗಿಯುವುದು. ಅಡಿಕೆಯ ಮಾತು ಮನೆಯಲ್ಲಿ ಪೂರ್ತಿಯಾಗಿ ನಿಂತಿತೆಂದು ಹೇಳಲಾರೆವು. ಆದರೆ ಮೊನ್ನೆ ಮಗನು ಅಟ್ಟಕ್ಕೆ ಹತ್ತಿ ಉದ್ದಿನ ಮುಡಿಯನ್ನು ಇಳಿಸಿ, ಹುಳ ಬಿದ್ದಿದೆಯೋ ಎಂದು ಬಿಚ್ಚಿ ನೋಡಿ, ಮತ್ತೆ ಬಿಗಿಯಾಗಿ ಕಟ್ಟಿ ಮೇಲಿಟ್ಟನು. ಬರುವ ವರ್ಷ ಬಿತ್ತುವ ಮನಸ್ಸಿಲ್ಲದವನು ಬೀಜವನ್ನು ಹಾಗೆ ನೋಡಲಾರನು.